ಒದ್ದೆ ಬಟ್ಟೆ, ಬಿಸಿನೀರು, ಉಪ್ಪಿನ ಗಂಟು: ಮನೆಯಲ್ಲೇ ಪಟ್ಟಿ ಕಟ್ಟೋದು, ಶಾಖ ಕೊಡೋದು ಹೇಗೆ

ಮೊದಲ ಸಲ ಗಂಟಲಿಗೆ ಒದ್ದೆ ಪಟ್ಟಿ ಕಟ್ಟಿಕೊಂಡ ರಾತ್ರಿಯನ್ನು ನಾನು ನಡುಗಿಕೊಂಡೇ ಕಳೆದೆ. ಬಟ್ಟೆಯನ್ನು ಸರಿಯಾಗಿ ಹಿಂಡಿರಲಿಲ್ಲ. ಮೇಲೆ ಸುತ್ತಿದ್ದು ಒಂದು ತೆಳು ಟವೆಲ್. ತಲೆಯ ಮೇಲೆ ಫ್ಯಾನ್ ಬೇರೆ ತಿರುಗುತ್ತಿತ್ತು. ಬೆಳಿಗ್ಗೆ ನೋಡಿದರೆ ಗಂಟಲು ನೋವು ಹಾಗೇ ಇದೆ, ಜೊತೆಗೆ ಕುತ್ತಿಗೆಯೂ ಹಿಡಿದುಕೊಂಡಿದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಮೇಲೆ ಉಣ್ಣೆ ಸುತ್ತಿದ್ಯೇನೋ?" ಅಂದಳು. ಇಲ್ಲ ಅಂದೆ. "ಮತ್ತೆ ಪಟ್ಟಿ ಯಾಕೆ ಕಟ್ಕೊಂಡೆ, ಸುಮ್ನೆ ಬಚ್ಚಲಲ್ಲೇ ಮಲಗಬಹುದಿತ್ತಲ್ಲ" ಅಂತ ನಕ್ಕಳು.

ಆ ನಗುವಿನಲ್ಲೇ ಪೂರ್ತಿ ವಿಷಯ ಇತ್ತು ಅಂತ ಆಮೇಲೆ ಗೊತ್ತಾಯಿತು.

ಮಣ್ಣಿನ ಮಡಕೆಯನ್ನೇ ನೋಡಿ. ಬೇಸಿಗೆಯಲ್ಲಿ ಅದರ ನೀರು ಯಾಕೆ ತಣ್ಣಗಿರುತ್ತದೆ? ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಮೈಮೇಲೆ ಒದ್ದೆ ಬಟ್ಟೆ ಹಾಕಿ ಗಾಳಿಗೆ ಬಿಟ್ಟರೂ ಅದೇ ಆಗುತ್ತದೆ, ಮೈ ತಂಪಾಗುತ್ತದೆ. ಆದರೆ ಅದೇ ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ಮೇಲೆ ಒಣಗಿದ ಉಣ್ಣೆ ಬಟ್ಟೆ ಸುತ್ತಿಬಿಟ್ಟರೆ ಆವಿ ಹೋಗೋದಕ್ಕೆ ಜಾಗ ಇರುವುದಿಲ್ಲ. ಮೊದಲು ಚುರ್ ಅಂತ ತಣ್ಣಗಾಗುತ್ತದೆ, ಚರ್ಮದ ರಕ್ತನಾಳ ಬಿಗಿಯುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಮೈಯ ಬಿಸಿಗೇ ಬಟ್ಟೆ ಬೆಚ್ಚಗಾಗಿ, ಬಿಗಿದ ನಾಳ ಸಡಿಲಾಗಿ, ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತದೆ. ಅಂದರೆ ಒಂದೇ ಬಟ್ಟೆ, ಒಂದೇ ನೀರು. ಬಿಚ್ಚಿಟ್ಟರೆ ತಂಪು, ಮುಚ್ಚಿಟ್ಟರೆ ಬಿಸಿ. ನಿಮಗೆ ಎರಡರಲ್ಲಿ ಯಾವುದು ಬೇಕು ಅನ್ನೋದನ್ನು ಬಟ್ಟೆ ಒದ್ದೆ ಮಾಡುವ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ನಾನು ಮಾಡಿರಲಿಲ್ಲ.

ಈ ಮುಚ್ಚಿ ಕಟ್ಟುವ ಪಟ್ಟಿ ನಮ್ಮ ಅಜ್ಜಿಯರ ಕಾಲದ್ದು ಅಂತ ನಾನು ಅಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. ಶಾಖ, ಹಬೆ, ಎಣ್ಣೆನೀರು ನಮ್ಮವೇ. ಆದರೆ ಪ್ರಕೃತಿ ಚಿಕಿತ್ಸೆಯವರು ಕಟ್ಟುವ ಪಟ್ಟಿಯ ಬೇರು ಯುರೋಪಿನಲ್ಲಿದೆ. ಈಗಿನ ಝೆಕ್ ದೇಶದ ಯೆಸೆನಿಕ್ ಹತ್ತಿರದ ಗುಡ್ಡದ ಊರಿನಲ್ಲಿ 1799ರಲ್ಲಿ ಹುಟ್ಟಿದ ವಿನ್ಸೆಂಟ್ ಪ್ರೀಸ್ನಿಟ್ಸ್ ಎಂಬ ರೈತರ ಮಗ, ಗಾಡಿ ಅಪಘಾತದಲ್ಲಿ ಪಕ್ಕೆಲುಬು ಮುರಿದುಕೊಂಡು, ಎದೆಗೆ ಒದ್ದೆ ಬಟ್ಟೆ ಸುತ್ತಿಕೊಂಡೇ ಚೇತರಿಸಿಕೊಂಡ. ಆಮೇಲೆ ಊರವರಿಗೂ ಅದನ್ನೇ ಮಾಡತೊಡಗಿದ. ಅವನು ಡಾಕ್ಟರ್ ಓದಿದವನಲ್ಲ. ಅಲ್ಲಿನವರು ಈಗಲೂ ಗಂಟಲ ಪಟ್ಟಿಯನ್ನು ಅವನ ಹೆಸರಿನಲ್ಲೇ ಕರೆಯುತ್ತಾರೆ. ಮುಂದೆ ಜರ್ಮನಿಯ ಲೂಯಿ ಕೂನೆ ನೀರಿನ ಚಿಕಿತ್ಸೆಯ ಬಗ್ಗೆ ಬರೆದದ್ದನ್ನು ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಓದಿದರು, ಮನೆಯಲ್ಲಿ ಪ್ರಯೋಗ ಮಾಡಿದರು, 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಪ್ರಕೃತಿ ಚಿಕಿತ್ಸೆಯ ಆಶ್ರಮವೂ ಶುರುವಾಯಿತು. ನಮ್ಮ ಕಡೆ ಉಜಿರೆಯಲ್ಲಿ 1989ರಿಂದ ಇದಕ್ಕೇ ಒಂದು ಕಾಲೇಜಿದೆ. ಹಾಗಾಗಿ ಕರ್ನಾಟಕದಲ್ಲಿ ಹೊಟ್ಟೆಪಟ್ಟಿ, ಎದೆಪಟ್ಟಿ ಅನ್ನೋ ಮಾತು ಸುಮಾರು ಜನಕ್ಕೆ ಪರಿಚಯ.

ಇನ್ನು ಮಾಡೋದು ಹೇಗೆ ಅಂತ ನೋಡೋಣ.

ಗಂಟಲ ಪಟ್ಟಿ

ಕೆರೆತ, ಧ್ವನಿ ಕಟ್ಟಿದ್ದು, ನುಂಗುವಾಗ ಸಣ್ಣ ನೋವು ಇಂಥವಕ್ಕೆ ಇದು. ಬೇಕಾದ್ದು ಎರಡೇ. ಒಂದು ಹಳೆಯ ಹತ್ತಿ ಬಟ್ಟೆ. ಸವೆದ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಹೊಸ ಬಟ್ಟೆ ನೀರು ಹೀರುವುದಿಲ್ಲ. ಇನ್ನೊಂದು ಉಣ್ಣೆ ಮಫ್ಲರ್. ಫ್ಲಾನೆಲ್ ಬಟ್ಟೆಯಾದರೂ ಆಗುತ್ತದೆ. ಪಾಲಿಯೆಸ್ಟರ್ ಶಾಲು ಬೇಡ, ಪ್ಲಾಸ್ಟಿಕ್ ಹಾಳೆಯಂತೂ ಬೇಡವೇ ಬೇಡ, ಒಳಗೆ ಬೆವರು ನಿಂತು ಗುಳ್ಳೆ ಏಳುತ್ತದೆ.

1. ಪಂಚೆಯಿಂದ ನಾಲ್ಕು ಬೆರಳಗಲದ, ಕುತ್ತಿಗೆಗೆ ಎರಡು ಸುತ್ತು ಬರುವಷ್ಟು ಉದ್ದದ ಪಟ್ಟಿ ಹರಿದುಕೊಳ್ಳಿ. ಮಫ್ಲರ್ ಅದಕ್ಕಿಂತ ಅಗಲ ಇರಲಿ, ಒದ್ದೆ ಬಟ್ಟೆ ಎಲ್ಲೂ ಹೊರಗೆ ಇಣುಕಬಾರದು.

2. ಮೊದಲು ಕುತ್ತಿಗೆ ಬೆಚ್ಚಗಿದೆಯಾ ಅಂತ ಮುಟ್ಟಿ ನೋಡಿ. ತಣ್ಣಗಿದ್ದರೆ ಅಂಗೈಯಿಂದ ಚೆನ್ನಾಗಿ ಉಜ್ಜಿ. ಚಳಿ ಆಗುತ್ತಿದ್ದರೆ ಒಂದು ಲೋಟ ಬಿಸಿನೀರು ಕುಡಿದು, ಮೈ ಬೆಚ್ಚಗಾದ ಮೇಲೆ ಶುರು ಮಾಡಿ. ಮೈಯಲ್ಲಿ ಬಿಸಿ ಇಲ್ಲದಿದ್ದರೆ ಪಟ್ಟಿಗೆ ಬಿಸಿ ಎಲ್ಲಿಂದ ಬರಬೇಕು?

3. ಹತ್ತಿ ಪಟ್ಟಿಯನ್ನು ನಲ್ಲಿ ನೀರಿನಲ್ಲಿ ಅದ್ದಿ. ಫ್ರಿಜ್ ನೀರು ಬೇಡ. ಆಮೇಲೆ ಹಿಂಡಿ. ಹಿಂಡಿದ ಮೇಲೆ ಇನ್ನೊಂದು ಸಲ ಹಿಂಡಿ. ಒಂದು ಹನಿಯೂ ತೊಟ್ಟಿಕ್ಕಬಾರದು. ಹತ್ತರಲ್ಲಿ ಒಂಬತ್ತು ಜನ ಕೆಡಿಸುವುದು ಇಲ್ಲೇ.

4. ಸುಕ್ಕಿಲ್ಲದಂತೆ ಸುತ್ತಿ. ಒಂದು ಬೆರಳು ಒಳಗೆ ಆಡುವಷ್ಟು ಸಡಿಲ ಇರಲಿ. ಕೂಡಲೇ ಮೇಲೆ ಮಫ್ಲರ್ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ. ಮಲಗುವಾಗ ಪಿನ್ ಚುಚ್ಚುವ ಗೋಜು ಬೇಡ.

5. ಹದಿನೈದು ನಿಮಿಷ ಬಿಟ್ಟು ಒಳಗೆ ಬೆರಳು ಹಾಕಿ ನೋಡಿ. ಬೆಚ್ಚಗಿದ್ದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ. ಇನ್ನೂ ತಣ್ಣಗೇ ಇದ್ದರೆ ಬಿಚ್ಚಿ ಒರೆಸಿಕೊಳ್ಳಿ, ಇವತ್ತಿಗೆ ಅಷ್ಟೇ. ಹಠ ಮಾಡಬೇಡಿ.

ದೊಡ್ಡವರು ರಾತ್ರಿಯಿಡೀ ಕಟ್ಟಿಕೊಂಡು ಮಲಗುವುದೂ ಉಂಟು, ಬೆಳಿಗ್ಗೆ ಹೊತ್ತಿಗೆ ಬಟ್ಟೆ ಒಣಗಿರುತ್ತದೆ. ಪುಟ್ಟ ಮಕ್ಕಳಿಗೆ ಮಾತ್ರ ನಿದ್ದೆಯಲ್ಲಿ ಕುತ್ತಿಗೆಗೆ ಏನನ್ನೂ ಸುತ್ತಬೇಡಿ. ಬಿಚ್ಚಿದ ಮೇಲೆ ಒಣ ಟವೆಲ್ಲಿನಿಂದ ಉಜ್ಜಿ ಒರೆಸಿ, ತಕ್ಷಣ ಫ್ಯಾನ್ ಕೆಳಗೆ ಹೋಗಬೇಡಿ. ಇಷ್ಟು ಮಾಡಿದರೆ ಗಂಟಲೊಳಗಿನ ವೈರಸ್ ಸಾಯುತ್ತದಾ? ಸಾಯುವುದಿಲ್ಲ. ಶೀತದ ಗಂಟಲು ನೋವು ಹೇಗೂ ಒಂದು ವಾರದಲ್ಲಿ ತಾನೇ ಹೋಗುತ್ತದೆ. ಆ ವಾರದ ರಾತ್ರಿಗಳು ಸ್ವಲ್ಪ ಸುಖವಾಗಿ ಕಳೆಯಲಿ ಅಂತ ಪಟ್ಟಿ, ಅಷ್ಟೇ. ಉಸಿರಾಡೋದಕ್ಕೆ, ಎಂಜಲು ನುಂಗೋದಕ್ಕೆ ಕಷ್ಟ ಆಗುವ ಮಟ್ಟಕ್ಕೆ ಹೋದರೆ ಅದು ಪಟ್ಟಿಯ ಕೆಲಸವಲ್ಲ.

ಹೊಟ್ಟೆಪಟ್ಟಿಗೂ ಇದೇ ಕ್ರಮ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಅಗಲ, ಹೊಟ್ಟೆಗೆ ಎರಡು ಸುತ್ತು, ಮೇಲೆ ಉಣ್ಣೆ. ಊಟವಾಗಿ ಎರಡು ಗಂಟೆ ಕಳೆದಿರಬೇಕು. ಗ್ಯಾಸ್, ಹೊಟ್ಟೆ ಉಬ್ಬರ ಅನ್ನುವವರು ಇದನ್ನು ಇಷ್ಟಪಡುತ್ತಾರೆ. ನನಗೇನೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬಂತು. ಬಸುರಿಯರಿಗೆ, ಮುಟ್ಟಿನ ದಿನಗಳಲ್ಲಿ, ಆಪರೇಷನ್ ಆದ ಹೊಸತರಲ್ಲಿ ಹೊಟ್ಟೆಪಟ್ಟಿ ಬೇಡ.

ಜ್ವರಕ್ಕೆ ತಣ್ಣೀರು ಪಟ್ಟಿ

ಇಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಬೇಕಾದದ್ದು ತಂಪು, ಹಾಗಾಗಿ ಮುಚ್ಚುವಂತಿಲ್ಲ. ಹಣೆಗೆ ಒದ್ದೆ ಕರವಸ್ತ್ರ ಹಾಕಿ, ಅದು ಬಿಸಿಯಾದ ತಕ್ಷಣ ತೆಗೆದು ಮತ್ತೆ ಅದ್ದಿ ಹಾಕಬೇಕು. ಒಂದೇ ಬಟ್ಟೆಯನ್ನು ಅರ್ಧ ಗಂಟೆ ಬಿಟ್ಟರೆ ಅದು ಗಂಟಲ ಪಟ್ಟಿಯ ತಮ್ಮನಾಗುತ್ತದೆ.

ನೀರು ಉಗುರುಬೆಚ್ಚಗೆ ಇರಲಿ. ಜ್ವರ ಇರುವವರಿಗೆ ಐಸ್ ನೀರು ಸುರಿಯುವುದು, ಮಗುವನ್ನು ತಣ್ಣೀರಿಗೆ ಹಾಕುವುದು ತಪ್ಪು. ಚಳಿಗೆ ಮೈ ನಡುಗುತ್ತದೆ, ನಡುಗಿದರೆ ಒಳಗೆ ಇನ್ನಷ್ಟು ಬಿಸಿ ಹುಟ್ಟುತ್ತದೆ, ಥರ್ಮಾಮೀಟರ್ ಮೇಲಕ್ಕೇ ಹೋಗುತ್ತದೆ. ನೀರಿಗೆ ಸ್ಪಿರಿಟ್ ಬೆರೆಸಿ ಒರೆಸುವ ಹಳೇ ಅಭ್ಯಾಸವಂತೂ ಮಕ್ಕಳಿಗೆ ವಿಷ, ಅದು ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಸೇರುತ್ತದೆ. ಇನ್ನೊಂದು ವಿಚಿತ್ರ ನೋಡಿದ್ದೇನೆ. ಹಣೆಗೆ ಪಟ್ಟಿ ಹಾಕಿರುತ್ತಾರೆ, ಕುತ್ತಿಗೆವರೆಗೆ ಎರಡು ರಗ್ಗು ಹೊದಿಸಿರುತ್ತಾರೆ. ಯಾವುದೋ ಒಂದು ಮಾಡಿ. ಚಳಿ ಬಂದು ನಡುಗುವಾಗ ಹೊದಿಸಿ, ನಡುಕ ನಿಂತು ಮೈ ಸುಡುವಾಗ ತೆಗೆದುಬಿಡಿ.

ಪಟ್ಟಿಯಿಂದ ಜ್ವರ ಇಳಿಯುವುದು ಸ್ವಲ್ಪ ಹೊತ್ತಿಗೆ ಮಾತ್ರ. ಪಟ್ಟಿ ಹಾಕಿಸಿಕೊಂಡವರಿಗೆ ಹಿತ ಅನ್ನಿಸುತ್ತದೆ, ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ ಅನ್ನುವ ಧೈರ್ಯವೂ ಇರುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಪ್ಯಾರಾಸಿಟಮಾಲ್ ಬದಲು ಪಟ್ಟಿ ಅಂದುಕೊಳ್ಳಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಬಂದರೆ ಪಟ್ಟಿಯೂ ಬೇಡ, ಕಾಯುವುದೂ ಬೇಡ, ಆಸ್ಪತ್ರೆಗೆ ಹೊರಡಿ. ಮೂರು ದಿನ ಬಿಡದ ಜ್ವರ, ಮೈಮೇಲೆ ಕೆಂಪು ಚುಕ್ಕೆ, ಬಿಡದ ವಾಂತಿ, ತೂಕಡಿಕೆ ಕಂಡರೆ ದೊಡ್ಡವರಿಗೂ ಅದೇ ಮಾತು.

ಗಾಂಧೀಜಿಯ ಕಥೆ ಇಲ್ಲಿ ಹೇಳಲೇಬೇಕು. ಮುಂಬೈಯಲ್ಲಿ ಅವರ ಹತ್ತು ವರ್ಷದ ಮಗ ಮಣಿಲಾಲನಿಗೆ ಟೈಫಾಯ್ಡ್ ಬಂತು, ನ್ಯುಮೋನಿಯಾದ ಲಕ್ಷಣವೂ ಇತ್ತು. ಡಾಕ್ಟರ್ ಮೊಟ್ಟೆ, ಕೋಳಿ ಸಾರು ಕೊಡಿ ಅಂದರು. ಗಾಂಧೀಜಿ ಒಪ್ಪಲಿಲ್ಲ. ಜ್ವರ 104ಕ್ಕೆ ಹೋದಾಗ ಒದ್ದೆ ಮಾಡಿ ಹಿಂಡಿದ ದುಪ್ಪಟಿಯನ್ನು ತಲೆಯೊಂದನ್ನು ಬಿಟ್ಟು ಮೈಯಿಗೆಲ್ಲ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿ, ತಲೆಗೆ ಒದ್ದೆ ಟವೆಲ್ ಹಾಕಿ, ರಾಮನಾಮ ಹೇಳುತ್ತ ಚೌಪಾಟಿ ಕಡೆ ನಡೆದುಹೋದರು. ವಾಪಸ್ ಬಂದಾಗ ಹುಡುಗ ಬೆವರಿದ್ದ, ಜ್ವರ ಇಳಿಯತೊಡಗಿತ್ತು. ಇದನ್ನು ಬರೆದುಕೊಂಡ ಗಾಂಧೀಜಿಯೇ, ಗುಣವಾದದ್ದು ದೇವರ ದಯೆಯಿಂದಲೋ, ನೀರಿನಿಂದಲೋ, ಪಥ್ಯ ಆರೈಕೆಯಿಂದಲೋ ಯಾರು ಹೇಳಬಲ್ಲರು ಅಂತಲೂ ಬರೆದರು. ಪ್ರಕೃತಿ ಚಿಕಿತ್ಸೆಯ ಬಗ್ಗೆ ಮಾತಾಡುವವರು ಕಥೆಯ ಮೊದಲ ಭಾಗ ಹೇಳುತ್ತಾರೆ, ಈ ಸಾಲನ್ನು ಬಿಟ್ಟುಬಿಡುತ್ತಾರೆ. ಅದು 1902ರ ಹೊತ್ತಿನ ಮಾತು. ಟೈಫಾಯ್ಡಿಗೆ ಆ್ಯಂಟಿಬಯೋಟಿಕ್ ಸಿಕ್ಕಿದ್ದೇ 1948ರಲ್ಲಿ. ಅವತ್ತು ಅಪ್ಪನ ಕೈಯಲ್ಲಿ ನೀರು, ದುಪ್ಪಟಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇವತ್ತು ನಿಮ್ಮ ಕೈಯಲ್ಲಿದೆ, ಹಾಗಾಗಿ ಟೈಫಾಯ್ಡಿಗೆ ದುಪ್ಪಟಿ ಸುತ್ತುವ ಪ್ರಯೋಗ ಬೇಡ.

ಒದ್ದೆ ಬಟ್ಟೆ ನಿಜವಾಗಿ ಜೀವ ಉಳಿಸುವ ಒಂದೇ ಸಂದರ್ಭ ಬಿಸಿಲು ಬಡಿದಾಗ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಮೇ ನೆನಪು ಮಾಡಿಕೊಳ್ಳಿ. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ತೊದಲತೊಡಗಿದರೆ, ಮೈ ಕಾದ ಹೆಂಚಿನ ಹಾಗಿದ್ದರೆ, ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯಿಗೆಲ್ಲ ನೀರು ಹಾಕಿ ಗಾಳಿ ಬೀಸಿ. ಇಲ್ಲಿ ನೀರು ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ನೀರು ಹಾಕುತ್ತಲೇ ಇರಿ.

ಬಿಸಿನೀರಿನಲ್ಲಿ ಕಾಲು

ಇದು ನನಗೆ ತುಂಬಾ ಇಷ್ಟದ್ದು. ದಿನವಿಡೀ ನಿಂತು ಕಾಲು ಸೋತಾಗ, ಮೂಗು ಕಟ್ಟಿ ತಲೆ ಭಾರವಾದಾಗ, ನಿದ್ದೆ ಬಾರದಾಗ. ಊರಿನಲ್ಲಿ ಬಚ್ಚಲೊಲೆಯ ಮೇಲೆ ಹಂಡೆ ಸದಾ ಕಾಯುತ್ತಿತ್ತು, ಇಲ್ಲಿ ಗೀಸರ್. ಬಕೆಟ್ಟಿಗೆ ಮೀನಖಂಡದ ಅರ್ಧ ಮುಳುಗುವಷ್ಟು ನೀರು ಬಿಡಿ. ಬಿಸಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ. ಕಾಲಿನಿಂದ ನೋಡಬೇಡಿ, ಅಂಗಾಲಿಗೆ ಬಿಸಿ ತಡವಾಗಿ ಗೊತ್ತಾಗುತ್ತದೆ.

ಕೂರುವ ಮೊದಲು ಒಂದು ಲೋಟ ನೀರು ಕುಡಿಯಿರಿ, ತಲೆಯ ಮೇಲೆ ಒಂದು ಒದ್ದೆ ಬಟ್ಟೆ ಹಾಕಿಕೊಳ್ಳಿ. ಇಲ್ಲದಿದ್ದರೆ ಎದ್ದಾಗ ಕೆಲವರಿಗೆ ತಲೆ ಸುತ್ತುತ್ತದೆ, ಯಾಕೆಂದರೆ ರಕ್ತವೆಲ್ಲ ಕಾಲಿನ ಕಡೆ ಇಳಿದಿರುತ್ತದೆ. ನೀರು ಆರಿದರೆ ಕಾಲು ಹೊರಗೆ ತೆಗೆದು, ಆಮೇಲೆ ಬಿಸಿನೀರು ಬೆರೆಸಿ, ಕಲಕಿ, ಮತ್ತೆ ಇಡಿ. ಹದಿನೈದು ನಿಮಿಷ ಆದ ಮೇಲೆ ಒಂದು ಚೊಂಬು ತಣ್ಣೀರು ಕಾಲಿಗೆ ಸುರಿದುಕೊಂಡು, ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಸಾಕ್ಸ್ ಹಾಕಿಕೊಂಡು ಮಲಗಿಬಿಡಿ. ಕಾಲಿನ ನಾಳಗಳು ಹಿಗ್ಗಿ ಮೈಯ ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ, ಒಳಗಿನ ಉಷ್ಣತೆ ಒಂಚೂರು ಇಳಿಯುತ್ತದೆ. ನಿದ್ದೆ ಬರೋದಕ್ಕೆ ಮೈ ಕಾಯುವುದು ಅದನ್ನೇ.

ಈಗ ಕಿವಿಗೊಟ್ಟು ಕೇಳಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಈ ಬಕೆಟ್ಟಿಗೆ ಅವರ ಕಾಲು ಇಡಿಸಬೇಡಿ. ನಮ್ಮ ನೆಂಟರೊಬ್ಬರು ಕಾಲು ಜೋಮು ಅಂತ ಬಿಸಿನೀರಿನಲ್ಲಿ ಇಟ್ಟುಕೊಂಡರು. ಬಿಸಿ ಗೊತ್ತಾಗುತ್ತಿಲ್ಲ ಅಂತ ಇನ್ನೊಂದು ಮಗ್ ಹಾಕಿಸಿಕೊಂಡರು. ಮಾರನೇ ದಿನ ಬೊಬ್ಬೆ ಎದ್ದಿತ್ತು, ಆ ಗಾಯ ಒಣಗುವುದಕ್ಕೆ ಎರಡು ತಿಂಗಳಾಯಿತು. ಬಿಸಿ ಗೊತ್ತಾಗದೇ ಇದ್ದದ್ದೇ ಅವರ ಕಾಯಿಲೆ. 60 ಡಿಗ್ರಿ ನೀರಿಗೆ ಚರ್ಮ ಸುಡಲು ಐದಾರು ಸೆಕೆಂಡು ಸಾಕು, ಮತ್ತು ಎಷ್ಟೋ ಮನೆಯ ಗೀಸರ್ ಅಷ್ಟು ಬಿಸಿ ಕೊಡುತ್ತದೆ. ಕಾಲಿನ ನರ ಉಬ್ಬಿದವರು, ಹೃದಯದ ತೊಂದರೆ ಇರುವವರು, ಬಸುರಿಯರು ಕೂಡ ಡಾಕ್ಟರನ್ನು ಕೇಳದೆ ಕೂರಬೇಡಿ.

ಹಬೆ

ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ದಿನಕ್ಕೆ ನಾಲ್ಕು ಸಲ ಹಬೆ ತೆಗೆದುಕೊಂಡದ್ದು ನೆನಪಿದೆ ಅಲ್ವಾ? ಹಬೆ ವೈರಸ್ಸನ್ನು ಕೊಲ್ಲುವುದಿಲ್ಲ. ಕಟ್ಟಿದ ಸಿಂಬಳ ಸಡಿಲಾಗಿ ಉಸಿರು ಹಗುರ ಆಗುತ್ತದೆ, ಅಷ್ಟು. ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲುಗಾಡದ ಮೇಜಿನ ಮೇಲಿಟ್ಟು, ಎರಡು ನಿಮಿಷ ಬಿಟ್ಟು, ಒಂದೂವರೆ ಗೇಣು ದೂರದಲ್ಲಿ ಮುಖ ಇಟ್ಟು, ಟವೆಲ್ ಹೊದ್ದುಕೊಂಡು ಐದರಿಂದ ಹತ್ತು ನಿಮಿಷ. ಕಣ್ಣು ಮುಚ್ಚಿರಲಿ. ಪಾತ್ರೆಯನ್ನು ತೊಡೆಯ ಮೇಲೆ, ಹಾಸಿಗೆಯ ಮೇಲೆ ಇಡಬೇಡಿ. ಮಕ್ಕಳಿಗೆ ಹಬೆಯೇ ಬೇಡ, ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವವರಲ್ಲಿ ಅವರೇ ಜಾಸ್ತಿ. ಕರ್ಪೂರ, ಬಾಮ್ ಬಿಸಿನೀರಿಗೆ ಹಾಕುವ ಅಗತ್ಯ ಇಲ್ಲ. ತುಳಸಿ ಹಾಕಿದರೆ ಪರಿಮಳ ಬರುತ್ತದೆ, ಹಾಕಿಕೊಳ್ಳಿ.

ಶಾಖ

ಸೊಂಟ ಹಿಡಿದದ್ದು, ಹಳೇ ಮಂಡಿ ನೋವು, ಮುಟ್ಟಿನ ಹೊಟ್ಟೆನೋವು ಇವಕ್ಕೆ ಶಾಖದಷ್ಟು ಬೇಗ ಹಿತ ಕೊಡುವುದು ಕಡಿಮೆ. ಎರಡು ಹಿಡಿ ಕಲ್ಲುಪ್ಪನ್ನು ಕಬ್ಬಿಣದ ಬಾಣಲೆಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿದು, ಎರಡು ಮಡಿಕೆ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಮೊದಲು ನಿಮ್ಮ ಕೆನ್ನೆಗೆ ಸೋಕಿಸಿ ನೋಡಿ. ನಿಮ್ಮ ಕೆನ್ನೆ ತಡೆದರೆ ಅವರ ಸೊಂಟ ತಡೆಯುತ್ತದೆ. ಒಂದೇ ಕಡೆ ಒತ್ತಿ ಹಿಡಿಯದೆ ತಟ್ಟಿ ತಟ್ಟಿ ತೆಗೆಯುತ್ತಿರಿ, ಬಿಸಿ ಇಳಿದ ಮೇಲೆ ಹಾಗೇ ಇಟ್ಟುಬಿಡಿ. ಹದಿನೈದು ಇಪ್ಪತ್ತು ನಿಮಿಷ ಸಾಕು. ಅದೇ ಉಪ್ಪನ್ನು ಮತ್ತೆ ಹುರಿಯಬಹುದು, ಅಡುಗೆಗೆ ವಾಪಸ್ ಹಾಕಬೇಡಿ, ನಮ್ಮಜ್ಜಿ ಹಾಕುತ್ತಿದ್ದಳೋ ಏನೋ ಅಂತ ನನಗೊಂದು ಅನುಮಾನ ಇದೆ.

ರಬ್ಬರ್ ಚೀಲ ಬಳಸುವವರು ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಮಡಚಿ ಗಾಳಿ ಹೊರಗೆ ಹಾಕಿ ಮುಚ್ಚಳ ಬಿಗಿಯಿರಿ. ಕುದಿಯುವ ನೀರು ಬೇಡ. ಟವೆಲ್ ಸುತ್ತಿಯೇ ಇಡಿ, ಇಟ್ಟುಕೊಂಡು ನಿದ್ದೆ ಹೋಗಬೇಡಿ. ಮಂಡಿಗೆ ಎಕ್ಕದ ಎಲೆ ಕಟ್ಟುವವರು ಎಲೆಗೆ ಹರಳೆಣ್ಣೆ ಸವರಿ ಹೆಂಚಿನ ಮೇಲೆ ಬಾಡಿಸಿ ಕಟ್ಟುತ್ತಾರೆ. ಎಲೆ ಕೀಳುವಾಗ ಬರುವ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ, ಕಿತ್ತ ಕೈಯಲ್ಲಿ ಮುಖ ಒರೆಸಿಕೊಳ್ಳಬೇಡಿ. ಚರ್ಮ ಉರಿದರೆ ತೆಗೆದು ತೊಳೆಯಿರಿ.

ಶಾಖ ಯಾವಾಗ ಬೇಡ? ಕಾಲು ಆಗ ತಾನೇ ಉಳುಕಿ ಊದಿಕೊಂಡಿದ್ದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಶಾಖ ಆಮೇಲೆ. ಕೆಂಪಾಗಿ ಕೀವು ಕಟ್ಟುತ್ತಿರುವ ದೊಡ್ಡ ಗಾಯಕ್ಕೆ ಬೇಡ. ಮುಖ್ಯವಾಗಿ, ಹೊಕ್ಕಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವಿಗೆ ಶಾಖ ಕೊಡುತ್ತಾ ಕೂರಬೇಡಿ. ಅದು ಅಪೆಂಡಿಕ್ಸ್ ಇರಬಹುದು. ಎದೆನೋವನ್ನು ಗ್ಯಾಸ್ ಅಂತ ಶಾಖ ಕೊಟ್ಟು ರಾತ್ರಿ ಕಳೆಯುವುದೂ ಇದೇ ಜಾತಿಯ ತಪ್ಪು.

ಬಾಣಂತಿಗೆ ಒಂದೆರಡು ಮಾತು

ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಎರೆದು, ಹಳೇ ಸೀರೆಯಿಂದ ಹೊಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು ಬೆಚ್ಚಗೆ ಮಲಗಿಸುವುದನ್ನು ಹಳೇ ಗೊಡ್ಡು ಅಂತ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಹೆತ್ತ ಮೈಗೆ ಅದರಷ್ಟು ಸುಖ ಬೇರೆ ಇಲ್ಲ ಅಂತ ಮನೆಯ ಹೆಂಗಸರೆಲ್ಲ ಹೇಳುತ್ತಾರೆ, ನಾನು ವಾದಕ್ಕೆ ಹೋಗುವುದಿಲ್ಲ. ನೀರಿನ ಬಿಸಿ ಎಷ್ಟಿರಬೇಕು ಅಂತ ಮಾತ್ರ ಎರೆಯುವವರ ಕೈ ಹೇಳಬಾರದು, ಎರೆಸಿಕೊಳ್ಳುವವಳು ಹೇಳಬೇಕು. ಸಿಸೇರಿಯನ್ ಆಗಿದ್ದರೆ ಹೊಲಿಗೆ ಒಣಗುವವರೆಗೆ ಮೇಲಿಂದ ನೀರು ಸುರಿಯುವುದು, ಬಿಗಿಯಾಗಿ ಕಟ್ಟುವುದು ಡಾಕ್ಟರ್ ಒಪ್ಪಿದ ಮೇಲೆ. ಕಟ್ಟು ಎಷ್ಟು ಸಡಿಲ ಇರಬೇಕೆಂದರೆ ಅವಳು ಕೂತು ಹೊಟ್ಟೆತುಂಬ ಉಸಿರು ಎಳೆದುಕೊಳ್ಳುವಂತಿರಬೇಕು. ಮಂಚದ ಕೆಳಗೆ ಕೆಂಡ ಇಟ್ಟು ಬಾಗಿಲು ಕಿಟಕಿ ಮುಚ್ಚುವುದನ್ನು ಮಾತ್ರ ಬಿಟ್ಟುಬಿಡಿ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ. ಕೂಸಿಗೆ ಸಾಂಬ್ರಾಣಿ ಹೊಗೆಯೂ ಬೇಡ, ಅದರ ಶ್ವಾಸಕೋಶ ಇನ್ನೂ ಎಳೆಯದು.

ಕೊನೆಗೆ ಬಟ್ಟೆಯ ವಿಷಯ. ಬಿಚ್ಚಿದ ಪಟ್ಟಿಯನ್ನು ಒದ್ದೆಯಾಗಿಯೇ ಮುದುರಿ ಇಟ್ಟರೆ ಮಾರನೇ ದಿನಕ್ಕೆ ಮುಗ್ಗಲು ವಾಸನೆ, ಅದನ್ನೇ ಮತ್ತೆ ಕಟ್ಟಿಕೊಂಡರೆ ತುರಿಕೆ. ಪ್ರತಿ ಸಲವೂ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ಮಫ್ಲರ್ ಒಗೆಯದಿದ್ದರೂ ಬಿಸಿಲು ಕಾಣಿಸಿ. ನಾನು ಎರಡನ್ನೂ ಒಂದು ಹತ್ತಿ ಚೀಲದಲ್ಲಿ ಹಾಕಿ ಬೀರುವಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ಅಮ್ಮ ಬಂದಾಗಲೆಲ್ಲ ತೆಗೆದು ಮೂಸಿ ನೋಡುತ್ತಾಳೆ.